ಸಣ್ಣತಾಯಮ್ಮನ ಬಲಗಣ್ಣು

ಸಾಲಿಗ್ರಾಮದಲ್ಲಿ ಸತ್ತವರನ್ನು ಚೆಂದ ಮಾಡುವವನು ನಾನೊಬ್ಬನೇ. ಜಂಬ ಕೊಚ್ಚಿಕೊಳ್ಳುತ್ತಿಲ್ಲ. ಬೇಕಾದರೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ, ನಸೀರ್ ಸ್ಟುಡಿಯೋ ಎಂದರೆ ಕೈ ತೋರಿಸುತ್ತಾರೆ. ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದು ಬ್ರಷ್ಷು ಮೂಲೆ ಸೇರಿತು, ನಾನು ಕಂಪ್ಯೂಟರ್ ಮುಂದೆ ಕೂತೆ. ಈಗ ಎಐ ಬಂದಿದೆ. ಮನೆಯವರು ಸತ್ತವರ ಆಧಾರ್ ಕಾರ್ಡನ್ನೋ, ಮದುವೆ ಗುಂಪಿನಲ್ಲಿ ಅರ್ಧ ಮುಖ ಮರೆಯಾದ ಫೋಟೋವನ್ನೋ ತರುತ್ತಾರೆ. ಏನು ಬೇಕೆಂದು ನಾನು ನಾಲ್ಕು ಸಾಲು ಬರೆದರೆ ಸಾಕು, ಅರ್ಧ ನಿಮಿಷದಲ್ಲಿ ಸತ್ತವರು ರೇಷ್ಮೆ ಪಂಚೆ ಉಟ್ಟು ನಗುತ್ತಾ ಕೂತಿರುತ್ತಾರೆ. ಬದುಕಿದ್ದಾಗ ಅಪ್ಪನಿಗೆ ಒಂದು ಇಸ್ತ್ರಿ ಮಾಡಿದ ಅಂಗಿ ಕೊಡಿಸದ ಮಕ್ಕಳು ಕೋಟು ಹಾಕಿಸಿ ಅನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹಾಕಿಸುತ್ತೇನೆ, ನನ್ನ ಗಂಟೇನು ಹೋಗುತ್ತದೆ?

ಇರುವುದೆಲ್ಲ ಆ ನಾಲ್ಕು ಸಾಲಿನಲ್ಲಿ. ಮೊದಮೊದಲು ನಾನೂ ಎಲ್ಲರ ಹಾಗೆ ‘ಚೆನ್ನಾಗಿ ಮಾಡು’ ಎಂದು ಬರೆದು ಕೆಟ್ಟೆ. ಎಪ್ಪತ್ತು ದಾಟಿದ ಸೋಮಯ್ಯನವರನ್ನು ಅದು ಮೂವತ್ತರ ಸಿನಿಮಾ ಹೀರೋ ಮಾಡಿಬಿಟ್ಟಿತು. ಫ್ರೇಮು ನೋಡಿದ ಅವರ ಹೆಂಡತಿ, “ಇವರ್ಯಾರು?” ಎಂದು ಕೇಳಿ ಸೆರಗು ಸರಿಮಾಡಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಈ ಎಐ. ಹೇಳಿದ್ದು ಸರಿಯೋ ತಪ್ಪೋ ಎಂದು ತಿರುಗಿ ಕೇಳುವುದಿಲ್ಲ. ಅದಕ್ಕೇ ಯಾವುದು ಬದಲಾಗಬಾರದು ಎಂಬುದನ್ನು ಮೊದಲು ಬರೆಯಬೇಕು. ಆಮೇಲೆ ಏನು ಬದಲಾಗಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಬಟ್ಟೆ ಯಾವುದು, ಹಿಂದೆ ಏನು ಕಾಣಬೇಕು. ಇಷ್ಟನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಈಗ ಕೆ.ಆರ್. ನಗರದ ಸ್ಟುಡಿಯೋದವರೂ ಫೋನು ಮಾಡಿ, “ನಸೀರಣ್ಣ, ಇದಕ್ಕೆ ಎಂಗೆ ಬರೀಬೇಕು?” ಎಂದು ಕೇಳುತ್ತಾರೆ.

ಹೋದ ವರ್ಷ ಕಾರ್ತೀಕದಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಮಿರ್ಲೆಯ ರೂಪಶ್ರೀ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ನಾನಿನ್ನೂ ಶಟರ್ ಎತ್ತಿರಲಿಲ್ಲ. ಅವಳ ಮದುವೆಯ ಆಲ್ಬಮ್ ಮಾಡಿದವನು ನಾನೇ, ಗಂಡ ಕುಮಾರನೂ ಗೊತ್ತು. ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಹಾಕಿಕೊಂಡು ಬಂದಿದ್ದಳು.

“ಅವ್ವ ಕಾಣ್ತಿಲ್ಲ ನಸೀರಣ್ಣ.”

ಅವಳ ತಾಯಿ ಸಣ್ಣತಾಯಮ್ಮ ನಾಲ್ಕು ವರ್ಷದಿಂದ ಇವಳ ಮನೆಯಲ್ಲೇ ಇದ್ದರು. ಅರಳುಮರಳು. ತಿಂದದ್ದು ನೆನಪಿಲ್ಲ, ಮೊಮ್ಮಕ್ಕಳ ಹೆಸರು ನೆನಪಿಲ್ಲ. ಬಲಗಣ್ಣಿಗೆ ಪೊರೆ ಬಂದು ಬಲಿತು ಪೂರ್ತಿ ಬೆಳ್ಳಗಾಗಿತ್ತು. ಸೋಮವಾರ ಹುಣಸೂರಿನ ಕಣ್ಣಾಸ್ಪತ್ರೆಗೆ ತೋರಿಸಿ ವಾಪಸ್ಸು ಬರುವಾಗ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತಾಯಿಯನ್ನು ಕೂರಿಸಿ, ಬಸ್ಸು ಎಷ್ಟೊತ್ತಿಗೆ ಎಂದು ಕೇಳಲು ರೂಪಶ್ರೀ ಒಳಗೆ ಹೋಗಿದ್ದಾಳೆ. ಐದು ನಿಮಿಷ. ಬಂದು ನೋಡಿದರೆ ಬೆಂಚು ಖಾಲಿ. ಮಡಿಕೇರಿ ಬಸ್ಸು, ಹೆಗ್ಗಡದೇವನಕೋಟೆ ಬಸ್ಸು, ಮೈಸೂರು ಬಸ್ಸು ಎಲ್ಲ ಆ ಐದು ನಿಮಿಷದಲ್ಲೇ ಹೋಗಿದ್ದವು. ಸುದ್ದಿ ಕೇಳಿ ಓಡಿಬಂದ ಕುಮಾರ್ ಹುಣಸೂರಿನಲ್ಲೇ ಉಳಿದು ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದ. ಇವಳು ಪೋಸ್ಟರ್ ಮಾಡಿಸಲು ಬಂದಿದ್ದಳು.

ಮೊಬೈಲಿನಲ್ಲಿ ಒಂದೇ ಒಂದು ಫೋಟೋ. ಸಣ್ಣತಾಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಬಾಯಿ ತೆರೆದಿದೆ, ತಲೆ ಕೆದರಿದೆ, ರವಿಕೆಯ ತೋಳು ಹರಿದಿದೆ. ಎಡಗಣ್ಣು ಎಲ್ಲೋ ನೋಡುತ್ತಿದೆ, ಬಲಗಣ್ಣು ಸುಣ್ಣ ಬಳಿದ ಹಾಗಿದೆ. ನಾನು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ದೊಡ್ಡ ಸ್ಕ್ರೀನಿನ ಮೇಲೆ ಆ ಕಣ್ಣು ಕಂಡದ್ದೇ ರೂಪಶ್ರೀ ಮುಖ ಆಚೆ ತಿರುಗಿಸಿದಳು.

“ಅಣ್ಣ, ಆ ಕಣ್ಣೊಂದು ಸರಿ ಮಾಡ್ಬುಡಿ.”

“ಯಾಕವ್ವ?”

“ಎಲ್ಲಾ ಗ್ರೂಪಿಗೂ ಓಯ್ತದೆ ಇದು. ನಮ್ಮ ನಾದಿನೀರು ನೋಡ್ತಾರೆ, ನೆಂಟ್ರು ನೋಡ್ತಾರೆ. ಎರಡು ವರ್ಷದಿಂದ ಆಪರೇಶನ್ ಮಾಡ್ಸು ಅಂತ ಯೋಳ್ತಾನೇ ಇದ್ರು. ನಾನು ಹೊಗೆಸೊಪ್ಪಿನ ಕೆಲ್ಸ ಮುಗೀಲಿ, ಹಬ್ಬ ಮುಗೀಲಿ ಅಂತ ದೂಡ್ಕಂಡೇ ಬಂದೆ. ಈಗ ಈ ಫೋಟೋ ನೋಡುದ್ರೆ ಏನಂತಾರೆ? ಹೆತ್ತವ್ವನ ಕಣ್ಣ ಕೊಳೆಯಕ್ಕೆ ಬುಟ್ಟು, ಆಮೇಲೆ ಬಸ್ ಸ್ಟ್ಯಾಂಡಲ್ಲಿ ಕಳೆದವ್ಳೆ ಅಂತಾರೆ.”

ನನಗೆ ಆಗಲೇ ಒಂದು ಸಲ ಚುರುಕ್ ಅಂದಿತು. ಸುಳ್ಳೇಕೆ ಹೇಳಲಿ? ಕಳೆದುಹೋದವರ ಪೋಸ್ಟರಿಗೆ ಬೇಕಾದದ್ದು ಅಂದ ಅಲ್ಲ, ಗುರುತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೆ ಬೇಡ ಎಂದರೆ ಎದುರಿಗೆ ನಿಂತವಳು ಅಲ್ಲೇ ಕುಸಿದು ಕೂರುತ್ತಾಳೆ ಅನ್ನಿಸಿತು. ಅದೂ ಅಲ್ಲದೆ, ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ, ಆ ಫೋಟೋ ನೋಡಿದ ಕೂಡಲೇ ನನ್ನ ಕೈ ಕಡಿಯುತ್ತಿತ್ತು. ಕೆಟ್ಟ ಫೋಟೋ ಕಂಡರೆ ನನಗೆ ಹಾಗೇ. ಕೂತು ಬರೆದೆ:

‘ಈ ಹೆಂಗಸಿನ ಮುಖದ ಆಕಾರ, ಮೂಗು, ಸುಕ್ಕು, ವಯಸ್ಸು ಯಾವುದೂ ಬದಲಾಗಬಾರದು. ಬಾಯಿ ಮುಚ್ಚಿರಲಿ, ತುಟಿಯಲ್ಲಿ ಸಣ್ಣ ನಗು ಇರಲಿ. ಬಲಗಣ್ಣು ಎಡಗಣ್ಣಿನ ಹಾಗೆಯೇ ಕಪ್ಪಾಗಿ, ಸ್ವಚ್ಛವಾಗಿ, ನೇರವಾಗಿ ನೋಡುತ್ತಿರಲಿ. ತಲೆ ಎಣ್ಣೆ ಹಾಕಿ ಬಾಚಿರಲಿ. ಹಸಿರು ಸೀರೆ, ಹರಿಯದ ರವಿಕೆ. ಬೆಳಗಿನ ಬಿಸಿಲು ಎಡಗಡೆಯಿಂದ ಬೀಳಲಿ. ಹಿಂದೆ ಬರೀ ತಿಳಿನೀಲಿ.’

ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾವತ್ತೂ ಬರೆದಿರಲಿಲ್ಲ. ಎರಡನೇ ಸಲ ಮಾಡಿಸುವ ಅಗತ್ಯವೇ ಬೀಳಲಿಲ್ಲ. ರೂಪಶ್ರೀ ಸ್ಕ್ರೀನನ್ನು ಬೆರಳಿನಿಂದ ಮುಟ್ಟಿ, “ಅಪ್ಪ ಇದ್ದಾಗ ಅವ್ವ ಇಂಗೇ ಇದ್ಲು” ಎಂದಳು. ಕೆಳಗೆ ಹೆಸರು, ವಯಸ್ಸು, ಎತ್ತರ ಹಾಕಿದೆ. ‘ಗುರುತು’ ಎಂದು ಬರೆದು, ‘ಬಲಗಣ್ಣು ಕಾಣುವುದಿಲ್ಲ’ ಎಂದು ಸೇರಿಸಲು ಹೋಗಿ ಕೈ ತಡೆಯಿತು. ಮೇಲೆ ಎರಡೂ ಕಣ್ಣು ಪಳಪಳ ಹೊಳೆಯುತ್ತಿರುವಾಗ ಕೆಳಗೆ ಹೀಗೆ ಬರೆದರೆ ಓದಿದವರು ನಗುವುದಿಲ್ಲವೇ? ಆ ಸಾಲು ಅಳಿಸಿದೆ. ಸೀರೆ ಹಸಿರು, ಸ್ವಲ್ಪ ಮರೆವು ಇದೆ ಎಂದಷ್ಟೇ ಬರೆದು, ಕುಮಾರನ ನಂಬರು, ನನ್ನ ನಂಬರು ಹಾಕಿದೆ.

ಮುನ್ನೂರು ಪ್ರತಿ ಅಚ್ಚಾಯಿತು. ಕುಮಾರನೂ ಅವನ ಗೆಳೆಯರೂ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯಲ್ಲೆಲ್ಲ ಅಂಟಿಸಿ ಬಂದರು. ವಾಟ್ಸಾಪಿನಲ್ಲಂತೂ ಒಂದೇ ದಿನದಲ್ಲಿ ನಾಲ್ಕು ತಾಲ್ಲೂಕು ಸುತ್ತಿತು. ಫೋನುಗಳು ಬಂದವು. ಕುಶಾಲನಗರದಲ್ಲಿ ಒಬ್ಬರು ಸಿಕ್ಕಿದ್ದಾರೆ, ಹೋಗಿ ನೋಡಿದರೆ ಬೇರೆ ಯಾರೋ. ಬೆಟ್ಟದಪುರದಲ್ಲಿ ಒಬ್ಬರು, ಅವರೂ ಬೇರೆ. ಒಬ್ಬ ಫೋನು ಮಾಡಿ, ಪೋಸ್ಟರ್ ಬಹಳ ಚೆನ್ನಾಗಿದೆ, ನಮ್ಮ ತಾತನ ತಿಥಿಗೂ ಹೀಗೇ ಮಾಡಿಕೊಡಿ ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಒಂಬತ್ತನೇ ದಿನ ಪೊಲೀಸರು ಕುಮಾರನಿಗೆ ಫೋನು ಮಾಡಿದರು. ಹೆಗ್ಗಡದೇವನಕೋಟೆಯಿಂದ ಆಚೆ, ರಸ್ತೆ ಬದಿಯ ಮೋರಿಯ ಪಕ್ಕದಲ್ಲಿ ಒಬ್ಬ ಮುದುಕಿಯ ಹೆಣ ಸಿಕ್ಕಿತ್ತು. ಗಾಯವಿಲ್ಲ, ಏನಿಲ್ಲ. ಚಳಿ, ಹಸಿವು, ವಯಸ್ಸು. ಪೊಲೀಸರು ಪೋಸ್ಟರ್ ನೋಡಿ ಕಂಡುಹಿಡಿಯಲಿಲ್ಲ. ಕುಮಾರ್ ಕೊಟ್ಟ ಕಂಪ್ಲೇಂಟಿನಲ್ಲಿ ಸ್ಟೇಷನ್ನಿನ ರೈಟರ್ ಕೆಟ್ಟ ಅಕ್ಷರದಲ್ಲಿ ‘ಬಲಗಣ್ಣು ಬಿಳುಪು’ ಎಂದು ಬರೆದುಕೊಂಡಿದ್ದ. ಅದು ತಾಳೆಯಾಯಿತು.

ಮಿರ್ಲೆಯಲ್ಲಿ ಮಣ್ಣು ಮಾಡುವಾಗ ನಾನೂ ಹೋಗಿದ್ದೆ. ರೂಪಶ್ರೀ ಅಳಲಿಲ್ಲ. ಬಂದವರಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ತಿಥಿ ಮುಗಿದರೂ ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. “ಅತ್ತರೆ ಹಗುರಾಗ್ತಿದ್ಲು” ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ತಿಥಿಯಾದ ನಾಲ್ಕನೇ ದಿನ ನನ್ನ ನಂಬರಿಗೆ ಒಂದು ಫೋನು ಬಂತು. ಕೋಟೆ ಬಸ್ ಸ್ಟ್ಯಾಂಡ್ ಹತ್ತಿರ ಟೀ ಹೋಟೆಲು ಇಟ್ಟಿರುವ ದೇವಯ್ಯ ಎಂಬುವವರು. ತೀರಿಹೋದ ಅಜ್ಜಿಯ ಚೀಲ ನಮ್ಮಲ್ಲೇ ಉಳಿದುಬಿಟ್ಟಿದೆ, ಬಂದು ತಗೊಂಡು ಹೋಗಿ ಎಂದರು. ಕುಮಾರ್ ಹೊಗೆಸೊಪ್ಪಿನ ಬೇಲು ಹಾಕಿಕೊಂಡು ಹರಾಜು ಕಟ್ಟೆಗೆ ಹೋಗಿದ್ದ. ನಾನೂ ರೂಪಶ್ರೀಯೂ ಬಸ್ಸು ಹತ್ತಿದೆವು.

ದೇವಯ್ಯನವರಿಗೆ ಅರವತ್ತರ ಮೇಲಾಗಿತ್ತು. ಸಂಭಾವಿತ ಮನುಷ್ಯ. ನಮ್ಮನ್ನು ಕೂರಿಸಿ, ಕೇಳದೆಯೇ ಟೀ ತಂದಿಟ್ಟರು. ಚೀಲ ಕೊಟ್ಟರು. ಅದರಲ್ಲಿ ಎಲೆಅಡಿಕೆ, ಒಂದು ಬಾಚಣಿಗೆ, ನಾಲ್ಕು ಬಿಸ್ಕತ್ತು. ಹೋಟೆಲಿನ ಹೊರಗೋಡೆಯ ಮೇಲೆ ನನ್ನ ಪೋಸ್ಟರ್ ಇನ್ನೂ ಇತ್ತು. ಬಿಸಿಲಿಗೂ ಬಣ್ಣ ಹೋಗಿರಲಿಲ್ಲ.

“ಇದ್ರ ಕೆಳಗೇ ಕೂತಿದ್ಲು ಕಣ್ರೀ ಮೂರು ದಿನ” ಎಂದರು ದೇವಯ್ಯ.

ರೂಪಶ್ರೀ ಲೋಟ ಕೆಳಗಿಟ್ಟಳು.

“ಇಡ್ಲಿ ಕೊಟ್ರೆ ತಿನ್ನೋಳು. ಯಾರವ್ವ ನೀನು ಅಂದ್ರೆ, ಮಗಳು ಬಸ್ ಕೇಳಕ್ಕೆ ಓಗವ್ಳೆ, ಈಗ ಬತ್ತಾಳೆ ಅನ್ನೋಳು. ಮೂರು ದಿನವೂ ಅದೇ ಮಾತು. ನಂಗೂ ಡೌಟು ಬಂತು ಸಾಬ್ರೆ. ಒಂದ್ಸಲ ಅಲ್ಲ, ಮೂರು ಸಲ ಪೋಸ್ಟರ್ ಪಕ್ಕಕ್ಕೇ ನಿಲ್ಸಿ ನೋಡ್ದೆ. ಸಣ್ಣತಾಯಮ್ಮ ಅಂತ ಕೂಗುದ್ರೆ ತಿರುಗೋಳು. ಆದ್ರೆ ಯಾರು ಏನು ಕೂಗುದ್ರೂ ತಿರುಗೋಳು. ಮೂಗು ಅದೇ ಅನ್ನಂಗಿತ್ತು. ಆದ್ರೆ ಈಯಮ್ಮಂಗೆ ಒಂದು ಕಣ್ಣು ಪೂರ್ತಿ ಬೆಳ್ಳಗೆ. ಪೋಸ್ಟರಲ್ಲಿರೋರಿಗೆ ಎರಡು ಕಣ್ಣೂ ದೀಪ ಇದ್ದಂಗವೆ. ಕಣ್ಣು ಸುಳ್ಳೇಳ್ತದಾ? ಫೋನ್ ಮಾಡಾಣ ಅಂತ ನಂಬರ್ ಕೂಡ ಒತ್ದೆ. ಆಮೇಕೆ, ಪಾಪ ಅಷ್ಟು ದೂರದಿಂದ ಆಸೆ ಇಟ್ಕಂಡು ಬಂದು ಬ್ಯಾರೆ ಯಾರೋ ಆದ್ರೆ ಸಂಕಟ ಪಡ್ತಾರೆ ಅಂತ ಸುಮ್ಕಾದೆ. ನಾಕನೇ ದಿನ ಬೆಳಿಗ್ಗೆ ಬಂದು ನೋಡುದ್ರೆ ಇರ್ಲಿಲ್ಲ. ಚೀಲ ಇಲ್ಲೇ ಇತ್ತು. ಪೊಲೀಸ್ನೋರು ಬಂದು ಯೋಳುದ್ ಮೇಲೇ ಗೊತ್ತಾಗಿದ್ದು, ಇಬ್ರೂ ಒಬ್ರೇ ಅಂತ. ಇದು ಹಳೇ ಕಾಲದ ಫೋಟೋನಾ ಸಾಬ್ರೆ?”

ರೂಪಶ್ರೀಯೇ, “ಊಂ, ಹಳೇದು” ಎಂದಳು. ಎದ್ದು ದೇವಯ್ಯನವರಿಗೆ ಕೈಮುಗಿದು, “ಇಡ್ಲಿ ಕೊಟ್ರಲ್ಲ, ಅಷ್ಟೇ ಸಾಕು” ಎಂದಳು. ಆ ಮನುಷ್ಯ ಕಣ್ಣೊರೆಸಿಕೊಂಡರು. ಅವರಿಗೆ ಅಳು ಬಂದಿತ್ತು, ಇವಳಿಗೆ ಬರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ನಾನು ಈಚೆ. ಚೀಲ ಅವಳ ತೊಡೆಯ ಮೇಲಿತ್ತು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕಿತ್ತು. ಆ ಕಲ್ಲುಬೆಂಚಿನ ಮುಂದೆಯೇ ಹಾದುಹೋದೆವು, ಅದರ ಮೇಲೆ ಕಾಲೇಜು ಹುಡುಗರು ಕೂತಿದ್ದರು. ಕೆ.ಆರ್. ನಗರದ ಬಸ್ಸು ಹೊರಟು ಊರು ದಾಟಿದ ಮೇಲೆ ಅವಳು ಬಾಯಿಬಿಟ್ಟಳು.

“ನಸೀರಣ್ಣ.”

“ಏನವ್ವ?”

“ಕಣ್ಣು ಸರಿ ಮಾಡಿ ಅಂದೋಳು ನಾನೇ ಅಲ್ವಾ?”

ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಎದುರು ಸೀಟಿನ ಕಬ್ಬಿಣ ಗಟ್ಟಿಯಾಗಿ ಹಿಡಿದಿದ್ದಳು. ಈ ಹೆಂಗಸು ಇನ್ನು ನಲವತ್ತು ವರ್ಷ ಬದುಕಬೇಕು. ಹೌದು ಎಂಬ ಒಂದು ಮಾತನ್ನು ನನ್ನ ಬಾಯಿಂದ ಕೇಳಿಸಿಕೊಂಡು ಹೋದರೆ ದಿನಾ ಬೆಳಗೆದ್ದು ಅದನ್ನೇ ಅಗಿಯುತ್ತಾಳೆ. ನನಗಾದರೋ ವಯಸ್ಸಾಯಿತು. ಎಷ್ಟು ಜನರ ಬೈಗುಳ ತಿಂದಿಲ್ಲ ನಾನು, ಇದೂ ಒಂದು ಎಂದುಕೊಂಡೆ.

“ಇಲ್ಲ ಕಣವ್ವ” ಎಂದೆ. “ಕತ್ಲೆ ಐತೆ, ಬೆಳಕು ಸರಿ ಮಾಡಿ ಅಂದೆ ನೀನು. ಅಷ್ಟೇ ನೀನು ಅಂದಿದ್ದು. ಕಣ್ಣಿನ ಇಚಾರ ನೀನು ಎತ್ತಲೇ ಇಲ್ಲ. ನಾನೇ ಮಾಡ್ದೆ. ನಂದೊಂದು ಚಟ.”

“ನಿಜವಾ?”

“ಅಲ್ಲಾನಾಣೆ.”

ಅವಳು ತಿರುಗಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಎಲ್ಲ ನೆನಪಿತ್ತು ಎಂದೇ ಈಗಲೂ ನನಗನ್ನಿಸುತ್ತದೆ. ಆದರೂ ಅವಳ ಮೂಗಿನ ಹೊಳ್ಳೆ ಅರಳಿತು, ಆಮೇಲೆ ಎಲ್ಲಿತ್ತೋ ಅಷ್ಟು ಸಿಟ್ಟು ಒಂದೇ ಸಲಕ್ಕೆ ಬಂತು.

“ನಮ್ಮವ್ವನ ಕಣ್ಣು ನಿಮ್ಗೇನ್ ಮಾಡಿತ್ತು? ಯಾರು ಮುಟ್ಟಿ ಅಂದ್ರು ನಿಮ್ಗೆ? ಅದ್ನ ನೋಡುದ್ರೇ ಗುರ್ತು ಸಿಕ್ತಿತ್ತಲ್ರೀ! ಆ ದೇವಯ್ಯ ಅವತ್ತೇ ಫೋನ್ ಮಾಡ್ತಿದ್ರಲ್ರೀ!”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ನನ್ನ ಮೊಣಕಾಲು ದಾಟಿಕೊಂಡು ಎದ್ದು, ಮುಂದೆ ಹೆಂಗಸರ ಸೀಟಿಗೆ ಹೋಗಿ ಬಿದ್ದುಕೊಂಡಳು. ಅಲ್ಲಿ ಅವಳಿಗೆ ಅಳು ಬಂತು. ಹೆಣ ಬಂದ ದಿನ ಬರಬೇಕಾಗಿದ್ದ ಅಳು. ಚೀಲಕ್ಕೆ ಮುಖ ಒತ್ತಿ, ಎದೆ ಬಡಿದುಕೊಂಡು, “ಯವ್ವಾ, ಯವ್ವಾ” ಎಂದು ಅತ್ತಳು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ಅವಳನ್ನು ತಬ್ಬಿಕೊಂಡಿತು. ಅಳಲಿ ಎಂದುಕೊಂಡೆ. ಆಗ ಅಳುವ ಯೋಗ್ಯತೆ ನನಗಿರಲಿಲ್ಲ.

ನನ್ನ ಪಕ್ಕದ ಸಾಲಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿತು.

“ಏನ್ ಮಾಡುದ್ರಿ ಆ ಎಣ್ಣುಮಗೀಗೆ?”

“ಅವರವ್ವ ಕಳೆದೋಗಿದ್ರು” ಎಂದೆ. “ಸಿಕ್ಕದಂಗೆ ಮಾಡಿದೋನು ನಾನು.”

ಮುದುಕಿ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಮುಖ ಆಚೆ ಮಾಡಿತು. ಆ ಬಸ್ಸಿನಲ್ಲಿ ನಾನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.