ನಕ್ಷತ್ರ ಮುಚ್ಚದ ಹೆಸರು

ಓದುತ್ತ ಓದುತ್ತ ಜಿಸ್ಮಿ ತಟ್ಟನೆ ನಿಲ್ಲಿಸಿದಳು. ಸುತ್ತ ಕೂತಿದ್ದವರೆಲ್ಲ ಮುಂದಿನ ಸಾಲಿಗೆ ಕಾಯುತ್ತಿದ್ದರು.

"ಏನ್ ಮೋಳೇ, ಸಾಲು ನುಂಗ್ಬಿಟ್ಯಾ?" ಎಲ್ಲರಿಗೂ ಅಕ್ಕನಂತಿದ್ದ ಪಕ್ಕದ ಸೀಟಿನ ಶೀಜ ಚೇಚಿ ಮಗಳನ್ನು ಕರೆದಂತೆ ಕೇಳಿದಳು.

ಕಾಕ್ಕನಾಡಿನ ಆ ಕಂಪನಿ ಆನ್‌ಲೈನಿನಲ್ಲಿ ಸಂಗೀತ ಕಲಿಸುತ್ತಿತ್ತು. ಪಾಠ ನಡುನಡುವೆ ಕಡಿದುಹೋಗುವುದು ಏಕೆಂದು ತಿಳಿಯಲು ಯಾರು ಯಾವ ಪಾಠ ತೆರೆದರೆಂದು ಸಾಲುಸಾಲಾಗಿ ಬರೆದಿಡುವ ಸರ್ವರಿನ ಲಾಗ್ ಫೈಲನ್ನು ಚೆನ್ನೈಯ ಪರಿಣತರಿಗೆ ಕಳಿಸಬೇಕಿತ್ತು. ಅದಕ್ಕೂ ಮೊದಲು ಕಲಿಯುವವರ ಇಮೇಲ್‌ಗಳ ಮೇಲೆ ನಕ್ಷತ್ರ ಹಾಕಿ ಮುಚ್ಚಬೇಕು. ಇಮೇಲಿನ ಆಕಾರದ್ದು ಕಂಡರೆ ಹಿಡಿದು ಮುಚ್ಚುವ ರೆಜೆಕ್ಸ್ ಎಂಬ ಒಂದು ಸಾಲಿನ ಸೂತ್ರವನ್ನು ಬರೆದವಳು ಜಿಸ್ಮಿ. ಅವಳು ಸೇರಿ ಆರು ತಿಂಗಳಾಗಿತ್ತು. ಕೆಲಸ ಕಾಯಂ ಮಾಡುವ ಕಾಗದಕ್ಕೆ ಮ್ಯಾನೇಜರ್ ಪೋತ್ತನ್ ಸಾರ್ ಇವತ್ತೇ ಸಹಿ ಹಾಕಬೇಕು. ಅವರೋ ಯಂತ್ರವನ್ನು ಸುಲಭಕ್ಕೆ ನಂಬುವವರಲ್ಲ. ಫೈಲು ಹೊರಬೀಳುವ ಮೊದಲು ಅಲ್ಲಲ್ಲಿಂದ ಆರಿಸಿದ ನೂರು ಸಾಲನ್ನು ರೆಜೆಕ್ಸ್ ಬರೆದವರೇ ಎಲ್ಲರೆದುರು ಗಟ್ಟಿಯಾಗಿ ಓದಬೇಕು ಎಂಬುದು ಅವರ ಕಟ್ಟಳೆ. ಕಣ್ಣು ಮೋಸ ಹೋದರೂ ಕಿವಿ ಹೋಗುವುದಿಲ್ಲವಂತೆ.

ಜಿಸ್ಮಿ ಈಗ ತಡೆದ ಸಾಲಿನಲ್ಲಿ ಪೋತ್ತನ್ ಸಾರ್ ಹೆಸರೇ ಇತ್ತು. ಹೆಸರಾದ ಮೇಲೆ ಪ್ಲಸ್ ಗುರುತು ಹಾಕಿ ಇನ್ನೊಂದು ಪದ ಸೇರಿಸಿಕೊಳ್ಳುವ ಇಮೇಲ್‌ಗಳೂ ಇರುತ್ತವೆಂದು ಜಿಸ್ಮಿಗೆ ಹೊಳೆದಿರಲಿಲ್ಲ. ಪರೀಕ್ಷೆಗೆಂದು ಅವಳು ಕೊಟ್ಟಿದ್ದು ಪ್ಲಸ್ ಇಲ್ಲದ ಕಚೇರಿಯ ವಿಳಾಸಗಳನ್ನು ಮಾತ್ರ. ರೆಜೆಕ್ಸ್ ಪ್ಲಸ್ಸಿನ ಆಚೆಯದನ್ನಷ್ಟೇ ಮುಚ್ಚಿ, ಈಚೆಯ ಹೆಸರನ್ನು ಬೀದಿಗೆ ಬಿಟ್ಟಿತ್ತು.

ಹಾರಿಸಿ ಓದಿದರೆ ಯಾರಿಗೂ ತಿಳಿಯದು. ಆದರೆ ಹೋದ ವಾರವೇ ಇದೇ ರೆಜೆಕ್ಸ್ ಹಾಕಿದ ಒಂದು ಫೈಲು ಚೆನ್ನೈಗೆ ಹೋಗಿಯಾಗಿತ್ತು. ಅದರಲ್ಲಿ ಇನ್ನೆಷ್ಟು ಜನರ ಹೆಸರಿದೆಯೋ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

"ಸಾರ್, ಒಂದು ಹೆಸರು ತಪ್ಪಿಸ್ಕೊಂಡಿದೆ. ತಪ್ಪು ನಂದೇ. ಹೋದ ವಾರದ ಫೈಲನ್ನೂ ಅಳಿಸೋಕೆ ಹೇಳ್ಬೇಕು."

"ಯಾರ ಹೆಸರು? ಓದು."

"ಬೇಡ ಸಾರ್."

"ಅಂಥಾದ್ದೇನು, ಬಿಷಪ್ಪರ ಹೆಸರಾ?" ಎಂದಳು ಶೀಜ ಚೇಚಿ.

ಜಿಸ್ಮಿ ಪರದೆಯನ್ನು ಸಾರ್ ಕಡೆಗೆ ತಿರುಗಿಸಿದಳು. ಅವರು ಕನ್ನಡಕ ಏರಿಸಿ ನೋಡಿದರು. ಕಿವಿ ಕೆಂಪಾಯಿತು. ಆಮೇಲೆ ಮೀಟಿಂಗಿನ ವರದಿ ಓದುವ ದನಿಯಲ್ಲೇ ಓದಿದರು: "ಪೋತ್ತನ್ ಮತ್ತಾಯಿ. ವಯೊಲಿನ್, ಮಕ್ಕಳ ತರಗತಿ. ಒಂದನೇ ಪಾಠ, ಹನ್ನೊಂದನೇ ಸಲ."



"ಹನ್ನೊಂದು ಸಲಾನಾ ಸಾರ್?" ಶೀಜ ಚೇಚಿಗೆ ತಡೆಯಲಾಗಲಿಲ್ಲ.

"ಕಮಾನು ಹಿಡಿಯೋದೇ ಬರ್ತಿಲ್ಲ ಕಣಮ್ಮ. ನನ್ ಜೊತೆ ಸೇರಿದ ಎರಡನೇ ಕ್ಲಾಸಿನ ಹುಡುಗಿ ಆಗ್ಲೇ ನಾಲ್ಕನೇ ಪಾಠದಲ್ಲಿದಾಳೆ."

ಕಚೇರಿಗೆ ಕಚೇರಿಯೇ ನಕ್ಕಿತು. ಕೊನೆಗೆ ಅವರೂ ನಕ್ಕರು. ಚೆನ್ನೈಗೆ ತಾವೇ ಫೋನು ಮಾಡಿ ಹಳೆಯ ಫೈಲನ್ನು ಅಳಿಸಿ ಹಾಕಿಸಿದರು. ಅಷ್ಟರಲ್ಲಿ ಜಿಸ್ಮಿ ರೆಜೆಕ್ಸಿಗೆ ಪ್ಲಸ್ ಸೇರಿಸಿ, ನೂರು ಸಾಲನ್ನೂ ಮೊದಲಿಂದ ಓದಿದಳು. ಒಂದು ಹೆಸರೂ ಕೇಳಿಸಲಿಲ್ಲ.

"ಹಾರಿಸಿ ಓದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ," ಎಂದು ಸಾರ್ ಅವಳ ಕಾಗದವನ್ನು ಎಳೆದುಕೊಂಡು ಸಹಿ ಹಾಕಿದರು. ಪೆನ್ನನ್ನು ಕೆಳಗಿಡದೆ ಬೆರಳುಗಳ ತುದಿಯಲ್ಲಿ ಅಡ್ಡಡ್ಡ ಹಿಡಿದು ಒಂದು ಕ್ಷಣ ನೋಡಿದರು.

ಚರ್ಚಿನ ಗಾಯನ ತಂಡದಲ್ಲಿ ಎಂಟು ವರ್ಷ ವಯೊಲಿನ್ ನುಡಿಸಿದ್ದ ಜಿಸ್ಮಿ ಮೆಲ್ಲಗೆ ಹೇಳಿದಳು: "ಹೆಬ್ಬೆರಳು ಸ್ವಲ್ಪ ಬಗ್ಗಿರ್ಬೇಕು ಸಾರ್."

ಅವರು ಬಗ್ಗಿಸಿದರು.