ಗಾಳಿಗೋಪುರವಿಲ್ಲದ ಮನೆ

ಆ ಬೇಸಿಗೆ ನನ್ನ ಎಂಟು ತಿಂಗಳ ಮಗಳು ಸೆಕೆಗೇ ಸತ್ತಳು. ಇರಾನಿನ ನಮ್ಮ ಯಜ್ದ್ ಊರಿನಲ್ಲಿ ಮುಸಲ್ಮಾನರ ಮನೆಗಳ ಮೇಲೆಲ್ಲ ಗಾಳಿಗೋಪುರಗಳಿದ್ದವು. ಅವು ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತವೆ. ಜರತುಷ್ಟ್ರನ ಮತದವರಾದ ನಾವು ಅವನ್ನು ಕಟ್ಟುವಂತಿರಲಿಲ್ಲ. ಗುಮ್ಮಟದಲ್ಲೊಂದು ತೂತು, ಅಷ್ಟೇ ನಮ್ಮ ಪಾಲಿನ ಗಾಳಿ.

ನನ್ನ ಗಂಡ ಖುದಾರಹಮ್ ನೇಕಾರ, ಬಾಯಿಲ್ಲದ ಮನುಷ್ಯ. ಮಗುವನ್ನು, ನಮ್ಮವರ ಹೆಣಗಳನ್ನು ಹದ್ದುಗಳಿಗೆ ಬಿಡುವ ಮೌನಗೋಪುರಕ್ಕೆ ಒಪ್ಪಿಸಿದ ನಾಲ್ಕನೇ ದಿನ ಎದ್ದುಹೋಗಿ ಉಸ್ತಾದ್ ಹಾಶಿಮನನ್ನು ಕರೆತಂದ. ಊರಿನ ಅರ್ಧ ಗಾಳಿಗೋಪುರಗಳು ಆ ಮುಸಲ್ಮಾನ ಮುದುಕನ ಕೈಯವೇ. ಅವನು ಮಧ್ಯಾಹ್ನ ಪೂರ್ತಿ ನಮ್ಮ ಕೋಣೆಯಲ್ಲಿ ಕೂತು ಬೆವರಿದ, ಗೋಡೆ ಮುಟ್ಟಿ ನೋಡಿದ. ಬೀದಿಗೆ ಕಾಣದಷ್ಟು ತಗ್ಗಾಗಿ ಕಟ್ಟೋಣ, ವಾಯವ್ಯಕ್ಕೆ ಬಾಯಿ ಇಡೋಣ ಎಂದ.

ಕೆಲಸ ಹಿಡಿದ ಐದನೇ ದಿನ ಗೋಪುರ ಎದೆಯೆತ್ತರ ಬಂದಿತ್ತು. ಓಣಿಯ ಪುಂಡ ಕಾಸಿಮ್ ಹತ್ತಾರು ಜನರೊಂದಿಗೆ ಗುದ್ದಲಿ ಹಿಡಿದು ಅಂಗಳಕ್ಕೆ ನುಗ್ಗಿದ. ಹಾಶಿಮ್ ಏಣಿ ಇಳಿದು ಅಡ್ಡ ನಿಂತ. ಇಟ್ಟಿಗೆ ಕೊಡುತ್ತಿದ್ದ ನಾನು ಮಾಳಿಗೆಯ ಮೇಲೇ ಉಳಿದೆ.

"ಏನ್ ಉಸ್ತಾದ್, ಇವ್ರಿಗೂ ಗಾಳಿ ಬೇಕಂತಾ?"

"ಉಸಿರಾಡೋರಿಗೆಲ್ಲ ಬೇಕು ಕಣೋ. ನಿಮ್ಮಪ್ಪನ ಮನೆಗೂ ನಾನೇ ಕಟ್ಟಿದ್ದು. ಹೋಗು ಆಚೆ."

ಕಾಸಿಮನ ಗುದ್ದಲಿ ಹಾಶಿಮನ ಬಲ ಮೊಣಕೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಮೇಲಿದ್ದ ನನಗೂ ಕೇಳಿಸಿತು. ಬಿಡಿಸಲು ಹೋದ ನನ್ನ ಗಂಡನನ್ನು ಕೆಡವಿ ಮುಖಕ್ಕೆ ಒದ್ದರು. ಹಲ್ಲುಗಳು ರಕ್ತದ ಜೊತೆ ನೆಲಕ್ಕೆ ಬಿದ್ದವು. ಕಾಸಿಮ್ ಮತ್ತೆ ಗುದ್ದಲಿ ಎತ್ತಿದ, ಈ ಸಲ ಹಾಶಿಮನ ತಲೆಗೆ. ನನ್ನ ಕೈಯಲ್ಲಿ ಇಟ್ಟಿಗೆಯಿತ್ತು. ಗುರಿಯಿಟ್ಟೇ ಎಸೆದೆ. ಕಾಸಿಮ್ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಸುರಿಯಿತು.

ಅವನ ಜನ ಗೋಪುರವನ್ನು ಬುಡದವರೆಗೆ ಕೆಡವಿ, ಅವನನ್ನು ಹೊತ್ತುಕೊಂಡು ಹೋದರು.

ಸಂಜೆ ಸಿಪಾಯಿಗಳು ಬಂದರು. ಇಟ್ಟಿಗೆ ಎಸೆದದ್ದು ಯಾರೆಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಖುದಾರಹಮ್ "ನಾನೇ" ಎಂದ. ಚೌಕದಲ್ಲಿ ಅವನ ಕಾಲುಗಳನ್ನು ಮರದ ತೊಲೆಗೆ ಕಟ್ಟಿ ಅಂಗಾಲಿಗೆ ಬಾರಿಸಿದರು. ಎಪ್ಪತ್ತು ಏಟಿನವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಅವತ್ತಿನಿಂದ ಅವನು ಊರುಗೋಲಿಲ್ಲದೆ ನಡೆದದ್ದಿಲ್ಲ.

ಚಳಿಗಾಲದಲ್ಲಿ ಹಾಶಿಮ್ ಮತ್ತೆ ಬಂದ. ಬಲಗೈ ಮೊಣಕೈಯಿಂದ ಕೆಳಗೆ ಸತ್ತಿತ್ತು. ಮನೆಯಲ್ಲಿ ಅಗೆಯಲು ಏನಿದೆ ಎಂದು ಕೇಳಿದ.

"ನಿಮ್ಮ ಅಂಗಳದ ಅಡಿಯಲ್ಲೇ ಬೆಟ್ಟದಿಂದ ಊರಿಗೆ ತೋಡಿದ ಸುರಂಗದ ನೀರು ಹರೀತದೆ. ಮೇಲೆ ಕಟ್ಬೇಡಿ ಅಂದ್ರು. ಕೆಳಗೆ ಇಳೀಬೇಡಿ ಅಂತ ಯಾರೂ ಅಂದಿಲ್ಲ ಕಿಶ್ವರ್. ನಾ ಹೇಳ್ತೀನಿ, ನೀ ಅಗಿ."

ನಾಲ್ಕು ತಿಂಗಳು ಅಗೆದೆ. ಕಮಾನು ಎಲ್ಲಿ ಬಾಗಬೇಕೆಂದು ಅವನು ಎಡಗೈಯಲ್ಲಿ ತೋರಿಸುತ್ತಿದ್ದ. ಒಮ್ಮೆ ಮಣ್ಣು ಕುಸಿದು ಸೊಂಟದವರೆಗೆ ಹೂತುಹೋದೆ. ಅದೇ ಕೈಯಲ್ಲಿ ನನ್ನನ್ನು ಎಳೆದು ತೆಗೆದ.

ಬೇಸಿಗೆ ಬಂತು. ಮೇಲೆ ಅಂಗಳ ಸುಡುತ್ತಿತ್ತು. ನಾವು ಮೂವರೂ ಆ ನೆಲಮಾಳಿಗೆಯಲ್ಲಿ, ಹರಿಯುವ ನೀರಿನ ಪಕ್ಕ ಕೂತೆವು. ಖುದಾರಹಮ್ ತಣ್ಣನೆಯ ಕಲ್ಲಿಗೆ ಅಂಗಾಲು ಒತ್ತಿ ನಿದ್ದೆಹೋದ. ಕಾಸಿಮನ ಒಂದು ಕಣ್ಣು ಪೂರ್ತಿ ಹೋಯಿತಂತೆ ಎಂದ ಹಾಶಿಮ್. ನನಗೆ ಅಯ್ಯೋ ಅನ್ನಿಸಲಿಲ್ಲ. ಕರಬೂಜ ಹೆಚ್ಚಿ ಹಾಶಿಮನ ಮುಂದಿಟ್ಟೆ. ಒದ್ದೆ ಹಣ್ಣಿಗೆ ನಮ್ಮ ಮೈಲಿಗೆ ತಗಲುತ್ತದೆಂದು, ನಾವು ಮುಟ್ಟಿದ್ದನ್ನು ಮುಸಲ್ಮಾನರು ತಿನ್ನುವುದಿಲ್ಲ.

ಹಾಶಿಮ್ ಒಂದು ಹೋಳು ತಿಂದು, ಇನ್ನೊಂದಕ್ಕೆ ಕೈ ಹಾಕಿದ.