ಬಿಳಿ ಎದೆಯ ಕಾಗೆ

"ಈ ದೇಶದಲ್ಲಿ ಒಂದು ಕಾಗೆನೂ ಇಲ್ವೇ?"

ತುಳಸಮ್ಮ ಕೇಳಿದ್ದು ಯಾರನ್ನೂ ಅಲ್ಲ. ಮಗ ಪ್ರದ್ಯುಮ್ನ, ಸೊಸೆ ಸಂಧ್ಯಾ ಬೆಳಗಿನ ಸಫಾರಿಗೆ ಜೀಪು ಹತ್ತಿ ಹೋಗಿಯಾಗಿತ್ತು. ಕೀನ್ಯಾದ ಆ ದೊಡ್ಡ ಲಾಡ್ಜಿನ ಮರದ ಜಗಲಿಯಲ್ಲಿ ಅವರೊಬ್ಬರೇ ನಿಂತಿದ್ದರು. ಕೆಳಗೆ ಹೊಳೆ, ಹೊಳೆಯಲ್ಲಿ ಬಂಡೆಗಳಂತೆ ಬಿದ್ದುಕೊಂಡ ನೀರಾನೆಗಳು. ಕಟಕಟೆಯ ಮೇಲೆ ಪಿಂಗಾಣಿ ತಟ್ಟೆ, ತಟ್ಟೆಯಲ್ಲಿ ಮೊಸರನ್ನದ ಉಂಡೆಗಳು, ಮೇಲೊಂದಿಷ್ಟು ಕರಿ ಎಳ್ಳು. ಎಳ್ಳನ್ನು ತುಮಕೂರಿನ ಮನೆಯಿಂದಲೇ ಸೀರೆಯ ಮಡಿಕೆಯಲ್ಲಿಟ್ಟು ತಂದಿದ್ದರು.

ಅಂದು ಗಂಡ ವೆಂಕಟೇಶಯ್ಯನವರ ತಿಥಿ. ಸದಾಶಿವನಗರದ ಹಲ್ಲಿನ ಕ್ಲಿನಿಕ್ಕಿಗೆ ಬೀಗ ಹಾಕಿ ಹೊರಡಲು ಪ್ರದ್ಯುಮ್ನನಿಗೆ ಸಿಕ್ಕಿದ್ದು ಆ ವಾರವೇ. "ಕುಣಿಗಲ್‌ನಲ್ಲಿ ಶಿವರಾಮಯ್ಯ ಚಿಕ್ಕಪ್ಪ ಮಾಡ್ತಾರಮ್ಮ. ಅಪ್ಪ ಅಲ್ಲೇ ಊಟ ಮುಗಿಸ್ಕೊಂಡು ಹೋಗ್ತಾರೆ, ನೀನ್ ಸಿಂಹ ನೋಡು ಬಾ" ಎಂದು ನಗಿಸಿ ಹೊರಡಿಸಿದ್ದ. ಹೊರಟು ಬಂದದ್ದೇನೋ ಆಯಿತು. ಬೆಳಗಾದ ಮೇಲೆ ತಾಯಿಗೆ ತಡೆಯಲಾಗಲಿಲ್ಲ. ಕೋಣೆ ನೋಡಿಕೊಳ್ಳುವ ನೀಮಾ ಎಂಬ ಹೆಂಗಸಿಗೆ ಕೈಸನ್ನೆ ಮಾಡಿ ಅಡುಗೆಮನೆಯಿಂದ ಬಿಸಿ ಅನ್ನ, ಮೊಸರು ತರಿಸಿದರು. ನೀಮಾ ಅವರನ್ನು "ಮಾಮಾ" ಎನ್ನುತ್ತಿದ್ದಳು. ಮೊದಲ ದಿನ ತುಳಸಮ್ಮ, "ನಾನೇನ್ ನಿಂಗೆ ಸೋದರಮಾವನೇನೇ?" ಎಂದು ಕನ್ನಡದಲ್ಲೇ ನಕ್ಕಿದ್ದರು. ಅದು ಅಮ್ಮ ಅಂದ ಹಾಗೆ ಎಂದು ಸಂಧ್ಯಾ ಹೇಳಿದ ಮೇಲೆ, ಅವಳು ಕರೆದಾಗಲೆಲ್ಲ "ಏನ್ ತಾಯಿ" ಎಂದು ಓಗೊಡುತ್ತಿದ್ದರು.

ಅನ್ನವಿಟ್ಟು ಕಾದರು. ಹಕ್ಕಿಯೊಂದು ಬಂದು ಕಟಕಟೆಯ ತುದಿಯಲ್ಲಿ ಕೂತಿತು. ಕಾಗೆಯ ಗಾತ್ರ, ಕಾಗೆಯದೇ ಕೊಕ್ಕು. ಎದೆ, ಕತ್ತು ಮಾತ್ರ ಪಂಚೆ ಹೊದ್ದ ಹಾಗೆ ಬೆಳ್ಳಗೆ. "ಹುಶ್! ನಿಂಗಲ್ಲ ಇದು, ಹೋಗು" ಎಂದು ಸೆರಗು ಬೀಸಿದರು. ಅದು ಮರಕ್ಕೆ ಹಾರಿ ಮತ್ತೆ ಬಂತು. ಮತ್ತೆ ಓಡಿಸಿದರು.

ಆಮೇಲೆ ಬಂದದ್ದು ನಾಯಿಮೂತಿಯ ದೊಡ್ಡ ಕೋತಿ. ತುಳಸಮ್ಮ ಬೆದರಿ ಒಳಗೆ ಸರಿದು ಗಾಜಿನ ಬಾಗಿಲು ಎಳೆದುಕೊಂಡರು. ಅದು ದೇವರಾಯನದುರ್ಗದ ಕೋತಿಗಳಂತೆ ಕಿತ್ತುಕೊಂಡು ಓಡಲಿಲ್ಲ. ತಟ್ಟೆಯ ಮುಂದೆ ನೆಟ್ಟಗೆ ಕೂತು, ತುತ್ತು ತುತ್ತಾಗಿ, ಅಂಟಿದ ಅಗುಳನ್ನೂ ಬಿಡದೆ ತಿಂದಿತು. ವೆಂಕಟೇಶಯ್ಯನವರು ಉಣ್ಣುತ್ತಿದ್ದುದೂ ಹಾಗೆಯೇ. ಗಾಜಿನ ಹಿಂದೆ ನಿಂತ ತುಳಸಮ್ಮನವರ ಕೈಗಳು ತಾವಾಗಿಯೇ ಜೋಡಿಕೊಂಡವು. ಯಾವ ರೂಪದಲ್ಲಾದರೂ ಬಂದರಲ್ಲ ಎಂದು ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಮಗ, ಸೊಸೆ, ತಾಯಿ ಮೂವರೂ ಊಟದ ಹಾಲಿನಲ್ಲಿದ್ದಾಗ ನೀಮಾ ಕೋಣೆಯ ಬಾಗಿಲು ತೆಗೆದಿಟ್ಟು ಗುಡಿಸುತ್ತಿದ್ದಳು. ರುಚಿ ಕಂಡಿದ್ದ ಕೋತಿ ಅನ್ನ ಹುಡುಕಿಕೊಂಡು ನೇರ ಒಳಗೆ ನುಗ್ಗಿತು. ಅಡ್ಡ ಬಂದ ಅವಳ ಮುಂಗೈಯನ್ನು ಮೂಳೆ ಕಾಣುವಂತೆ ಕಚ್ಚಿತು. ಆ ಕೂಗು ಊಟದ ಹಾಲಿಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಗುಂಡಿನ ಸದ್ದು.

"ಮನುಷ್ಯರ ಊಟ ಅಭ್ಯಾಸ ಆಗೋದ್ರೆ ಮತ್ತೆ ಮತ್ತೆ ಬರತ್ತಂತೆ ಅತ್ತೆ. ಅದಕ್ಕೇ ಹೊಡೆದುಬಿಟ್ರು" ಎಂದಳು ಸಂಧ್ಯಾ.

ತುಳಸಮ್ಮ ಬೆಳಿಗ್ಗೆ ತಟ್ಟೆ ಇಟ್ಟದ್ದನ್ನು ಮಗ ಸೊಸೆಯ ಮುಂದೆ ಹೇಳಿದರು. "ಒಂದ್ ಕಾಗೆ ಬಂದಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ ಕಣೇ."

ಸಂಧ್ಯಾ ಕಿಟಕಿಯಾಚೆಯ ಮರ ತೋರಿಸಿದಳು. "ಅಗೋ, ಅದೇ ಅತ್ತೆ ಇಲ್ಲಿಯ ಕಾಗೆ. ಎದೆ ಬಿಳೀ ಇರತ್ತೆ."

ಬಂದವರನ್ನು ಸೆರಗು ಬೀಸಿ ಓಡಿಸಿದ್ದು ತಾನೇ.

ಸಂಜೆ ಮ್ಯಾನೇಜರ್ ಕೋಣೆಗೆ ಬಂದ. ಹಿಂದೆ, ಕೈಗೆ ದಪ್ಪ ಬ್ಯಾಂಡೇಜು ಸುತ್ತಿದ ನೀಮಾ. ಹೊರಗೆ ತಟ್ಟೆ ಇಟ್ಟವರು ಯಾರು ಎಂಬುದು ಪ್ರಶ್ನೆ. ಅಡುಗೆಮನೆಯಿಂದ ಅನ್ನ ತಂದವಳು ನೀಮಾ ಎಂದು ಅಡುಗೆಯವರು ಆಗಲೇ ಹೇಳಿದ್ದರು. ತುಳಸಮ್ಮ ಎದ್ದು ನಿಂತರು.

"ಇಟ್ಟೋಳು ನಾನು. ಇವಳದೇನೂ ತಪ್ಪಿಲ್ಲ. ಹೇಳೋ ಅವ್ರಿಗೆ."

ಪ್ರದ್ಯುಮ್ನ ಇಂಗ್ಲಿಷಿನಲ್ಲಿ ಹೇಳತೊಡಗಿದ. ಹೇಳುತ್ತಲೇ ಹೋದ. ತಾಯಿಗೆ ಅನುಮಾನ ಬರಲಿಲ್ಲ. ಗುಬ್ಬಿಯ ತವರುಮನೆಯಲ್ಲಿ ಅಪ್ಪ ರಾಗವಾಗಿ ಪದ್ಯ ಓದುತ್ತಿದ್ದರು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಪದ್ಯ ನಾಲ್ಕು ಸಾಲಾದರೆ ಅರ್ಥ ಅರ್ಧ ಗಂಟೆ. ಕಂಬಕ್ಕೊರಗಿ ಕೇಳುತ್ತ ಬೆಳೆದವರಿಗೆ ಅರ್ಥ ಹೇಳುವವರ ಮೇಲೆ ಓದುವವರಷ್ಟೇ ನಂಬಿಕೆ. ತನ್ನ ಎರಡು ಮಾತಿಗೆ ಮಗ ಇಷ್ಟು ವಿಸ್ತಾರವಾಗಿ ಅರ್ಥ ಬಿಡಿಸುತ್ತಿದ್ದಾನೆ, ತಿಥಿ, ಪಿತೃಗಳು, ಎಳ್ಳು ಎಲ್ಲವನ್ನೂ ತಿಳಿಸುತ್ತಿದ್ದಾನೆ ಎಂದುಕೊಂಡರು. ಮ್ಯಾನೇಜರ್ ಅವರ ಕಡೆ ತಿರುಗಿ, ಹೌದೇ ಎಂಬಂತೆ ನೋಡಿದ. ತುಳಸಮ್ಮ ಜೋರಾಗಿ ತಲೆಯಾಡಿಸಿದರು. ಅವನು ಕೈಮುಗಿದ.

"ಮಾಮಾ?" ಎಂದಳು ನೀಮಾ.

"ಏನೂ ಆಗಲ್ಲ ಬಿಡು ತಾಯಿ" ಎಂದು ತುಳಸಮ್ಮ ನಕ್ಕು ಅವಳ ಭುಜ ಸವರಿದರು. ಅವಳು ಕೈ ತಗುಲಿದ ಜಾಗ ಸುಟ್ಟಿತೆಂಬಂತೆ ಹಿಂದೆ ಸರಿದಳು.

ಕತ್ತಲಾಗುವ ಮೊದಲು ನೀಮಾ ಬಟ್ಟೆಯ ಚೀಲ ಹಿಡಿದು ಜೀಪಿನ ಹತ್ತಿರ ನಿಂತದ್ದು ಜಗಲಿಯಿಂದ ಕಂಡಿತು.

"ಆಸ್ಪತ್ರೆಗೇನೇ?"

ಸಂಧ್ಯಾ ಗಂಡನ ಮುಖ ನೋಡಿದಳು. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಕೆಲಸದಿಂದ ತೆಗೆದ್ರು ಅತ್ತೆ."

"ನಾನ್ ಹೇಳಿದ್ನಲ್ಲ!" ತುಳಸಮ್ಮ ಮಗನ ಮುಂದೆ ಹೋಗಿ ನಿಂತರು. "ಏನಂದೆ ನೀನು?"

"ತಟ್ಟೆ ಅವಳೇ ಬಿಟ್ಟೋಗಿದ್ಲು, ನಮ್ಮಮ್ಮ ಕಣ್ಣಾರೆ ನೋಡಿದಾರೆ ಅಂದೆ."

"ನನ್ ಹೆಸರಲ್ಲಿ!"

"ಇಲ್ಲಿ ಕಾಡುಪ್ರಾಣಿಗೆ ಊಟ ಹಾಕೋದು ಕೇಸಮ್ಮ. ಪಾಸ್‌ಪೋರ್ಟ್ ಇಸ್ಕೊಂಡು ಕೂರಿಸ್ತಾರೆ. ಈ ವಯಸ್ಸಲ್ಲಿ ನಿನ್ನ ಸ್ಟೇಷನ್ನಿಗೆ ಕಳಿಸ್ಲಾ?"

"ಕಳ್ಸು. ಹೋಗ್ತೀನಿ."

"ಸಿನಿಮಾ ಡೈಲಾಗ್ ಹೊಡೀಬೇಡ."

ಕೆಳಗೆ ಜೀಪು ಸ್ಟಾರ್ಟ್ ಆಯಿತು. ತುಳಸಮ್ಮ ಕಟಕಟೆ ಹಿಡಿದು, ಬರುವ ನಾಲ್ಕೈದು ಇಂಗ್ಲಿಷ್ ಪದಗಳಲ್ಲಿ ಒಂದನ್ನು, "ಸ್ಟಾಪ್! ಸ್ಟಾಪ್!" ಎಂದು ಕೂಗಿದರು. ಡ್ರೈವರ್ ಮೇಲೆ ನೋಡಿ, ಮುದುಕಿ ಬೀಳ್ಕೊಡುತ್ತಿದ್ದಾಳೆಂದು ಕೈಬೀಸಿದ. ನೀಮಾ ತಲೆಯೆತ್ತಲಿಲ್ಲ.

ಅವರು ತಿರುಗಿ ಮಗನ ಎರಡೂ ಕೈ ಹಿಡಿದುಕೊಂಡರು. "ಜೀಪು ಇನ್ನೂ ಗೇಟ್ ದಾಟಿಲ್ಲ ಕಣಪ್ಪ. ಓಡಿಹೋಗಿ ನಾನಂದಿದ್ದನ್ನ ಅಂದ ಹಾಗೇ ಹೇಳಿಬಿಡು. ನಿನ್ನ ಕಾಲು ಬೇಕಾದ್ರೂ ಹಿಡೀತೀನಿ."

ಪ್ರದ್ಯುಮ್ನ ಕೈ ಬಿಡಿಸಿಕೊಂಡ.

"ಹೇಳಲ್ಲಮ್ಮ" ಎಂದ. "ಏನ್ ಮಾಡಿದ್ರೂ ಹೇಳಲ್ಲ."